ಬಜೆಟ್‌ನಲ್ಲಿ ಆಫ್ರಿಕಾ ಸಫಾರಿ: ಯಲ್ಲಾಪುರದಲ್ಲಿ ಕೂತು ಲೆಕ್ಕ ಹಾಕಿದರೆ ಸಿಗೋದು ಬೇರೆಯದೇ ಉತ್ತರ

'ಕಡಿಮೆ ಖರ್ಚಿನಲ್ಲಿ ಆಫ್ರಿಕಾ ಸಫಾರಿ' ಅನ್ನೋ ರೀಲ್ಸ್ ನಿಮ್ಮ ಮೊಬೈಲಿಗೂ ಬಂದಿರುತ್ತೆ. ಜೀಪಿನ ಮೇಲೆ ನಿಂತ ಹುಡುಗ, ಹಿಂದೆ ಸಿಂಹ, ಕೆಳಗೆ 'ಬರೀ ಇಷ್ಟೇ ರೂಪಾಯಿ' ಅನ್ನೋ ಬರಹ. ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ, ರಜೆ ಸಿಕ್ಕಿದರೆ ಯಲ್ಲಾಪುರದ ಬಸ್ ಹತ್ತುವ ನನ್ನಂಥವರಿಗೆ ಇದು ನಿಜಕ್ಕೂ ಆಗೋ ಮಾತಾ ಅಂತ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಆಗುತ್ತೆ, ಆದರೆ ಯಾರಿಗೆ ಅನ್ನೋದೇ ಪ್ರಶ್ನೆ. ಆ ಪ್ರಶ್ನೆಯ ಹಿಂದೆ ಹೋದರೆ ಕೀನ್ಯಾದಿಂದ ಸೀದಾ ದಾಂಡೇಲಿಗೆ ಬಂದು ನಿಲ್ತೀವಿ.

ಮೊದಲು ದುಡ್ಡಿನ ಮಾತು.

ಎಲ್ಲರ ಬಾಯಲ್ಲೂ ಇರೋ ಹೆಸರು ಕೀನ್ಯಾದ ಮಸಾಯಿ ಮಾರಾ. 2024ರ ಜುಲೈಯಿಂದ ಅಲ್ಲಿನ ಪ್ರವೇಶ ಶುಲ್ಕ ಹೊರದೇಶದ ವಯಸ್ಕರಿಗೆ ದಿನಕ್ಕೆ 200 ಡಾಲರ್. ಇದು ಜುಲೈನಿಂದ ಡಿಸೆಂಬರ್‌ವರೆಗಿನ ದರ. ಜನವರಿಯಿಂದ ಜೂನ್‌ವರೆಗೆ 100 ಡಾಲರ್. ಟಿಕೆಟ್ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ, ಹನ್ನೆರಡು ಗಂಟೆಯದ್ದು. ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ನದಿ ದಾಟುವ ಸೀಸನ್ನಿನಲ್ಲಿ ಎರಡು ದಿನ ನೋಡ್ತೀನಿ ಅಂದರೆ ಗೇಟಿಗೇ 400 ಡಾಲರ್, ಅಂದರೆ ಮೂವತ್ತೈದು ಸಾವಿರ ರೂಪಾಯಿ ಆಸುಪಾಸು. ವಿಮಾನ, ಜೀಪು, ಟೆಂಟು, ಊಟ ಯಾವುದೂ ಇದರಲ್ಲಿ ಸೇರಿಲ್ಲ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಎರಡು ದಿನ ಮಾರಾ ಗೇಟಿನೊಳಗೆ ಹೋಗೋಕೆ ನಮ್ಮೂರಲ್ಲಿ ಒಬ್ಬರು ಸುಮಾರು 95 ದಿನ ಗುದ್ದಲಿ ಹಿಡೀಬೇಕು. ವರ್ಷಕ್ಕೆ ನರೇಗಾ ಕೊಟ್ಟ ಖಾತ್ರಿ ಇದ್ದದ್ದೇ ನೂರು ದಿನ.

ಇಷ್ಟು ಕೇಳಿ 'ಬೇಡಪ್ಪ ಸಹವಾಸ' ಅನ್ನುವ ಮೊದಲು ಇನ್ನೊಂದು ಮಾತು. ದರ ಇಷ್ಟು ಏರಿರೋದಕ್ಕೆ ಕಾರಣ ಇದೆ, ಅದನ್ನು ಇಳಿಸಿಕೊಳ್ಳೋ ದಾರಿಗಳೂ ಇವೆ.

ಕಾಲ ಬದಲಿಸೋದು ಮೊದಲನೇ ದಾರಿ. ಜನವರಿಯಿಂದ ಮಾರ್ಚ್‌ವರೆಗೆ ಮಾರಾದಲ್ಲಿ ಶುಲ್ಕ ಅರ್ಧ, ಜೀಪುಗಳ ಗದ್ದಲವೂ ಕಡಿಮೆ. ಸಿಂಹ, ಚೀತಾ, ಆನೆ, ಜಿರಾಫೆ ವರ್ಷವಿಡೀ ಅಲ್ಲೇ ಇರ್ತವೆ. ವಲಸೆಯ ವೈಲ್ಡ್‌ಬೀಸ್ಟ್ ಮಾತ್ರ ಆಗ ಗಡಿಯಾಚೆ ಟಾಂಜಾನಿಯಾದ ಸೆರೆಂಗೆಟಿಯ ದಕ್ಷಿಣದಲ್ಲಿ ಮರಿ ಹಾಕ್ತಾ ಇರ್ತದೆ. ಏಪ್ರಿಲ್-ಮೇ ಮಳೆಗಾಲ. ಟೆಂಟುಗಳೂ ಆಗ ಅಗ್ಗ, ಆದರೆ ಮಣ್ಣಿನ ರಸ್ತೆಯಲ್ಲಿ ಗಾಡಿ ಹೂತುಕೊಳ್ಳೋದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಮಲೆನಾಡಿನವರಿಗೆ ಇದೇನೂ ಹೊಸತಲ್ಲ ಬಿಡಿ.

ಉಳಿದುಕೊಳ್ಳೋದು ಎರಡನೇ ಲೆಕ್ಕ. ಮೀಸಲು ಪ್ರದೇಶದೊಳಗಿನ ಲಾಡ್ಜುಗಳ ಬದಲು ತಾಲೆಕ್, ಸೆಕೆನಾನಿ ಗೇಟುಗಳ ಹೊರಗಿನ ಸಣ್ಣ ಟೆಂಟು ಕ್ಯಾಂಪುಗಳಲ್ಲಿ ಉಳಿದರೆ ಖರ್ಚು ತುಂಬಾ ಇಳಿಯುತ್ತೆ. ಒಬ್ಬರೇ ಜೀಪು ಹಿಡಿಯೋದಕ್ಕಿಂತ ಆರೇಳು ಮಂದಿ ಸೇರಿ ವ್ಯಾನು ಹಂಚಿಕೊಳ್ಳೋದು ಅಲ್ಲಿ ಮಾಮೂಲಿ. ಮುಂಬೈಯಿಂದ ನೈರೋಬಿಗೆ ನೇರ ವಿಮಾನ ಇದೆ. ಕೀನ್ಯಾಕ್ಕೆ 2024ರ ಜನವರಿಯಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ.

ರೀಲ್ಸ್‌ನವರು ಹೇಳದೇ ಬಿಡೋದು ಒಂದಿದೆ: ಹಳದಿ ಜ್ವರದ ಲಸಿಕೆ. ಕೀನ್ಯಾಕ್ಕೆ ಹೋಗಿ ಬಂದವರ ಹತ್ತಿರ ಈ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಭಾರತಕ್ಕೆ ವಾಪಸ್ ಇಳಿದಾಗ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಹೊರಡುವ ಕನಿಷ್ಠ ಹತ್ತು ದಿನ ಮೊದಲು, ಸರಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತೆ.

ನನ್ನನ್ನು ಕೇಳಿದರೆ ಬಜೆಟ್ ಸಫಾರಿಗೆ ಮಾರಾಕ್ಕಿಂತ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನವೇ ಸರಿ. ಸುಮಾರು 19,500 ಚದರ ಕಿಲೋಮೀಟರ್ ಕಾಡು. ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸುಮಾರು ಎರಡರಷ್ಟು. ಒಳಗೆ ಟಾರು ರಸ್ತೆ ಇದೆ. ನಿಮ್ಮದೇ ಬಾಡಿಗೆ ಕಾರಿನಲ್ಲಿ ನೀವೇ ಓಡಿಸಿಕೊಂಡು ಹೋಗಬಹುದು. ಟಾರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ಮಿತಿ, ಮಣ್ಣು ರಸ್ತೆಯಲ್ಲಿ 40. ಗಾಡಿ ಓಡೋದು ನಮ್ಮ ಹಾಗೇ ಎಡಬದಿಯಲ್ಲಿ. ಇಂಗ್ಲಿಷಿನಲ್ಲಿ ಅಚ್ಚಾದ ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ನಡೆಯುತ್ತೆ. ನಾಲ್ಕು ಜನ ಸ್ನೇಹಿತರು ಒಂದು ಸಣ್ಣ ಕಾರು ಮಾಡಿಕೊಂಡು, ಉದ್ಯಾನದೊಳಗಿನ ಸರಕಾರಿ ರೆಸ್ಟ್ ಕ್ಯಾಂಪುಗಳಲ್ಲಿ ಉಳಿದು, ಅನ್ನ ಸಾರು ತಾವೇ ಬೇಯಿಸಿಕೊಂಡರೆ ಗೈಡು, ಡ್ರೈವರು, ಲಾಡ್ಜು ಮೂರರ ಖರ್ಚೂ ಉಳೀತು. ಮೇಯಿಂದ ಸೆಪ್ಟೆಂಬರ್ ಅಲ್ಲಿ ಒಣ ಚಳಿಗಾಲ. ಹುಲ್ಲು ಒಣಗಿ, ನೀರಿನ ಹೊಂಡಗಳ ಸುತ್ತ ಪ್ರಾಣಿ ಸೇರ್ತವೆ. ಕಾರಿನಿಂದ ಕೆಳಗಿಳಿಯೋ ಹಾಗಿಲ್ಲ ಅನ್ನೋದೊಂದೇ ದೊಡ್ಡ ನಿಯಮ, ಅದನ್ನು ಮಾತ್ರ ಮರೀಬೇಡಿ. ವೀಸಾ ಬೇಕು. ಹಳದಿ ಜ್ವರದ ಪಟ್ಟಿಯಲ್ಲಿ ಆ ದೇಶ ಇಲ್ಲ.

ಕ್ರೂಗರ್ ದರಪಟ್ಟಿಯಲ್ಲಿ ನನಗೆ ಹಿಡಿಸಿದ್ದು ಬೇರೆ ಸಂಗತಿ. ದಕ್ಷಿಣ ಆಫ್ರಿಕಾದ ಪ್ರಜೆ ಕೊಡೋದು ಹೊರದೇಶದವರು ಕೊಡುವ ಶುಲ್ಕದ ಸುಮಾರು ಕಾಲುಭಾಗ. ಅಕ್ಕಪಕ್ಕದ ಆಫ್ರಿಕನ್ ದೇಶಗಳವರಿಗೆ ಅರ್ಧ. ಕಾಡು ಇರೋದು ಮೊದಲು ಈ ನೆಲದವರಿಗಾಗಿ ಅನ್ನೋ ಮಾತು ದರಪಟ್ಟಿಯಲ್ಲೇ ಇದೆ. ಆದರೆ ಅದು ಅಲ್ಲಿ ಸುಮ್ಮನೆ ಬಂದದ್ದಲ್ಲ.

ಕ್ರೂಗರ್‌ನ ಮುಖ್ಯ ಕ್ಯಾಂಪಿನ ಹೆಸರು ಸ್ಕುಕುಜಾ. ಪ್ರವಾಸಿಗರಿಗೆ ಅದೊಂದು ಚಂದದ ಆಫ್ರಿಕನ್ ಹೆಸರು. ನಿಜವಾಗಿ ಅದು ಅಲ್ಲಿನ ಮೊದಲ ವಾರ್ಡನ್ ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್‌ಗೆ ಸ್ಥಳೀಯರು ಇಟ್ಟ ಅಡ್ಡಹೆಸರು. ಅರ್ಥ ಹೆಚ್ಚುಕಡಿಮೆ 'ಗುಡಿಸಿ ಹಾಕಿದವನು'. ಗುಡಿಸಿದ್ದು ಮನುಷ್ಯರನ್ನ. 1898ರಲ್ಲಿ ಸಾಬಿ ಬೇಟೆ ಮೀಸಲು ಅಂತ ಘೋಷಣೆಯಾಗಿ 1926ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನಲ್ಲಿ ಊರುಗಳಿದ್ದವು. 1969ರಲ್ಲಿ, ವರ್ಣಭೇದ ಆಡಳಿತದ ಕಾಲದಲ್ಲಿ, ಉದ್ಯಾನದ ಉತ್ತರ ತುದಿಯ ಮಕುಲೆಕೆ ಜನರನ್ನು ಒಕ್ಕಲೆಬ್ಬಿಸಲಾಯಿತು. ವರ್ಣಭೇದ ಹೋದಮೇಲೆ ಅವರು ಭೂಮಿಗೆ ಹಕ್ಕು ಕೇಳಿದರು. 1998ರಲ್ಲಿ ಗೆದ್ದರು. ಸುಮಾರು 24,000 ಹೆಕ್ಟೇರ್ ಜಾಗ ಹಿಂದಕ್ಕೆ ಬಂತು. ಅಲ್ಲಿ ಗಣಿ ಮಾಡಲಿಲ್ಲ, ಉಳುಮೆಯನ್ನೂ ಮಾಡಲಿಲ್ಲ. ಕಾಡನ್ನು ಕಾಡಾಗೇ ಉಳಿಸಿ, ಲಾಡ್ಜುಗಳಿಗೆ ಗುತ್ತಿಗೆ ಕೊಟ್ಟು, ಬಂದ ಹಣ ಸಮುದಾಯಕ್ಕೆ ಹೋಗುವಂತೆ ಮಾಡಿಕೊಂಡರು.

ಪೂರ್ವ ಆಫ್ರಿಕಾದಲ್ಲಿ ಇಂಥ ಗೆಲುವು ಕಡಿಮೆ. ಸೆರೆಂಗೆಟಿಯಿಂದ ಮಸಾಯಿ ಜನರನ್ನು 1959ರಲ್ಲಿ ಪಕ್ಕದ ಗೊರೊಂಗೊರೊಗೆ ಕಳಿಸಿದ್ದು ಬ್ರಿಟಿಷರು. 2022ರ ಜೂನ್‌ನಲ್ಲಿ ಅದೇ ಟಾಂಜಾನಿಯಾದ ಲೊಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಹುಲ್ಲುಗಾವಲಿಗೆ ಗಡಿಕಲ್ಲು ಹಾಕಲು ಪೊಲೀಸರು ಬಂದರು. ಈ ಸಲ ಸರಕಾರ ಸ್ವಂತದ್ದೇ. ಪ್ರತಿಭಟಿಸಿದ ಮಸಾಯಿ ಜನರ ಮೇಲೆ ಗುಂಡು ಹಾರಿತು. ಕೀನ್ಯಾದ ಮಾರಾ ಸುತ್ತ ಮಾತ್ರ 2000ದ ದಶಕದ ನಡುವಿಂದ ಒಂದು ಮಧ್ಯದ ದಾರಿ ಬೆಳೆದಿದೆ. ಮಸಾಯಿ ಕುಟುಂಬಗಳು ತಮ್ಮ ಪಾಲಿನ ಜಮೀನನ್ನು ಒಟ್ಟುಗೂಡಿಸಿ 'ಕನ್ಸರ್ವೆನ್ಸಿ' ಮಾಡಿ, ಕ್ಯಾಂಪು ನಡೆಸುವ ಕಂಪನಿಗಳಿಂದ ಬಾಡಿಗೆ ತಗೊಳ್ತಾರೆ. ತಕರಾರು ಅಲ್ಲೂ ಇವೆ. ಆದರೂ ಸಿಂಹ ಬದುಕಿದ್ದರೆ ತಿಂಗಳ ಬಾಡಿಗೆ ಬರುತ್ತೆ ಅನ್ನೋದು ಅಲ್ಲಿನ ದನಗಾಹಿಗೆ ಕಣ್ಣಿಗೆ ಕಾಣುವ ಲೆಕ್ಕ.

ಅಗ್ಗದ ಸಫಾರಿ ಹುಡುಕುವಾಗ ಅಗ್ಗ ಆಗ್ತಾ ಇರೋದು ಯಾರ ಪಾಲು ಅಂತ ನೋಡಬೇಕು ಅನ್ನೋದು ಇದಕ್ಕೇ. ಕಾಲ ಬದಲಿಸಿ, ವ್ಯಾನು ಹಂಚಿಕೊಂಡು, ಅನ್ನ ಬೇಯಿಸಿಕೊಂಡು ಉಳಿಸಿದ ದುಡ್ಡು ನಿಮ್ಮದು. ಡ್ರೈವರಿನ ದಿನಗೂಲಿ, ಗೈಡಿನ ಟಿಪ್ಸು, ಊರಿನ ಬಾಡಿಗೆಯಲ್ಲಿ ಉಳಿಸಿದರೆ ಅದು ಇನ್ನೊಬ್ಬರ ಜೇಬಿಂದ ತೆಗೆದದ್ದು.

ನಮ್ಮ ಕಾಡಿನ ಗೇಟು

ಯಲ್ಲಾಪುರದ ಬಸ್ ಸ್ಟ್ಯಾಂಡಿನಿಂದ ದಾಂಡೇಲಿ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಕಾಡು. 1956ರಲ್ಲಿ ದಾಂಡೇಲಿ ಅಭಯಾರಣ್ಯ ಆಯಿತು, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ. 2015ರ ಕೊನೆಗೆ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಹುಲಿ, ಆನೆ, ಕಾಡುಕೋಣ, ಕರಡಿ, ಕೆನ್ನಾಯಿ, ಮಂಗಟ್ಟೆ ಎಲ್ಲ ಇವೆ. ದಾಂಡೇಲಿಗೆ ಹೆಸರು ತಂದುಕೊಟ್ಟದ್ದು ಕರಿಚಿರತೆ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇದು ಮಾರಾ ಅಲ್ಲ. ಮಾರಾ ಬಯಲು ಹುಲ್ಲುಗಾವಲು, ಎರಡು ಕಿಲೋಮೀಟರ್ ದೂರದ ಸಿಂಹ ಬರಿಗಣ್ಣಿಗೆ ಕಾಣುತ್ತೆ. ನಮ್ಮದು ಪಶ್ಚಿಮ ಘಟ್ಟದ ದಟ್ಟ ಕಾಡು, ಇಪ್ಪತ್ತು ಅಡಿ ದೂರದಲ್ಲಿ ಮಟ್ಟಿಯ ಹಿಂದೆ ಹುಲಿ ಮಲಗಿದ್ದರೂ ಗೊತ್ತಾಗಲ್ಲ. ಹುಲಿ ನೋಡಲೇಬೇಕು ಅಂತ ಹಠ ಹಿಡಿದು ಬರೋರು ಕಾಳಿಗೆ ಬರಬೇಡಿ, ಡ್ರೈವರಿನ ತಲೆ ತಿನ್ನಬೇಡಿ. ಸಿಗೋದು ಕಾಡುಕೋಣದ ಹಿಂಡು, ಜಿಂಕೆ, ಕೆಂಜಳಿಲು. ಅದೃಷ್ಟ ಇದ್ದರೆ ಆನೆ. ಮತ್ತೆ ಹಕ್ಕಿ, ಹಕ್ಕಿ, ಹಕ್ಕಿ.

ದುಡ್ಡಿನ ಲೆಕ್ಕಕ್ಕೆ ಬಂದರೆ ಅರಣ್ಯ ಇಲಾಖೆಯ ಸಫಾರಿ ಜೀಪು ಹೊರಡೋದು ಫಣಸೋಳಿ ಕಡೆಯಿಂದ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಆರೇಳು ಜನ ಒಟ್ಟಿಗೆ ಹೋದರೆ ತಲೆಗೆ ಬೀಳೋದು ಕಡಿಮೆ. ಒಬ್ಬರೇ ಹೋಗಿ ಇಡೀ ಜೀಪು ಮಾಡಿಕೊಂಡರೆ ಅದೇ ಸುತ್ತಿಗೆ ಹಲವು ಪಟ್ಟು. ಇಲಾಖೆಯ ಕುಳಗಿ ಪ್ರಕೃತಿ ಶಿಬಿರದಲ್ಲಿ ಟೆಂಟು ಸಿಗುತ್ತೆ, ವಿದ್ಯಾರ್ಥಿಗಳ ಗುಂಪು ಹೋಗೋದು ಹೆಚ್ಚಾಗಿ ಅಲ್ಲಿಗೇ. ಸರಕಾರದ್ದೇ ಆದ ಜಂಗಲ್ ಲಾಡ್ಜಸ್ ಇನ್ನೊಂದು ದರ್ಜೆ. 1980ರಲ್ಲಿ ಕಬಿನಿ ದಂಡೆಯಿಂದ ಶುರುವಾದ ಸಂಸ್ಥೆ, ಈಗ ದಾಂಡೇಲಿಯಲ್ಲೂ ಗಣೇಶಗುಡಿಯಲ್ಲೂ ಇದೆ. ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್ ಅನ್ನೋ ಹೆಸರು ಯಾಕೆ ಗೊತ್ತಾ? ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡ್ತಿದ್ದ ಮನೆ ಅದು. ಈಗ ಅಲ್ಲಿ ಕ್ಯಾಮೆರಾ ಹಿಡಿದವರು ಹಕ್ಕಿಗಳ ನೀರಿನ ತೊಟ್ಟಿಯ ಎದುರು ಗಂಟೆಗಟ್ಟಲೆ ಕೂತಿರ್ತಾರೆ.

ಒಂದು ಪೈಸೆ ಸಫಾರಿ ಶುಲ್ಕ ಇಲ್ಲದೆ ನೋಡುವುದಾದರೆ ಬೆಳಗಿನ ಹೊತ್ತು ದಾಂಡೇಲಿಯ ಟಿಂಬರ್ ಡಿಪೋ. ಮರದ ದಿಮ್ಮಿಗಳ ಸಾಲಿನ ಮೇಲೆ ಮಂಗಟ್ಟೆ ಹಕ್ಕಿಗಳು ಬಂದು ಕೂರ್ತವೆ. ಕಡಿದ ಮರದ ಮೇಲೆ ಕೂತು ಕಾಡಿನ ಲೆಕ್ಕ ಕೇಳ್ತಾ ಇವೆಯೇನೋ ಅನ್ನಿಸುತ್ತೆ, ಹೋಗಲಿ ಬಿಡಿ. ಚಳಿಗಾಲದಲ್ಲಿ ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮ ಇದೆ. ಸಣ್ಣ ಜಾಗ, ಕೆರೆಯ ಮಧ್ಯದ ಮರಗಳಲ್ಲಿ ಚಮಚಕೊಕ್ಕು, ಬಣ್ಣದ ಕೊಕ್ಕರೆ, ಐಬಿಸ್. ಹುಬ್ಬಳ್ಳಿಯಿಂದ ಹೋಗಿ ಸಂಜೆಗೆ ವಾಪಸ್ ಬರಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರೋದರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಖರ್ಚು ಸೊನ್ನೆ. ನನ್ನ ತಂಗಿ ಮತ್ತವಳ ಗೆಳತಿಯರು ಕಾಲೇಜಿನಲ್ಲಿದ್ದಾಗ ಬುತ್ತಿ ಕಟ್ಟಿಕೊಂಡು ಹೀಗೇ ತಿರುಗಿದ್ದು. ಶಕ್ತಿಯಿಂದ ಏನು ಲಾಭ ಅಂತ ಟಿವಿಯಲ್ಲಿ ಕೂಗುವವರು ಈ ಲೆಕ್ಕವನ್ನೂ ಹಾಕಲಿ. ಮನೆಯಲ್ಲಿ ದುಡ್ಡು ಕೇಳದೆ ಒಬ್ಬ ಹುಡುಗಿ ತನ್ನ ಜಿಲ್ಲೆಯ ಕಾಡು ನೋಡಿ ಬರೋದಕ್ಕೆ ಬೆಲೆ ಇಲ್ವಾ?

ಆಫ್ರಿಕಾದ ಪ್ರಾಣಿಯನ್ನೇ ನೋಡಬೇಕು ಅನ್ನೋರಿಗೆ 1892ರಲ್ಲಿ ಶುರುವಾದ ಮೈಸೂರು ಮೃಗಾಲಯ ಇದೆ. ಜಿರಾಫೆ, ಗೊರಿಲ್ಲಾ ಎರಡೂ ಅಲ್ಲುಂಟು. ಅದನ್ನು ಸಫಾರಿ ಅನ್ನೋಕಾಗಲ್ಲ, ನಿಜ.

ಟಿಕೆಟ್ ಇದ್ದವರು, ಇಲ್ಲದವರು

ಸ್ಕುಕುಜಾ ಕತೆ ಓದಿ 'ಅಯ್ಯೋ ಪಾಪ ಆಫ್ರಿಕಾ' ಅಂದವರು ಇಲ್ಲಿ ಸ್ವಲ್ಪ ನಿಲ್ಲಿ.

ಕಾಳಿ ಕಣಿವೆಯ ಕಾಡಿನೊಳಗೆ ಕುಣಬಿಗಳು, ಗೌಳಿಗಳು, ಸಿದ್ದಿಗಳು ತಲೆಮಾರುಗಳಿಂದ ಇದ್ದಾರೆ. ಹುಲಿ ಸಂರಕ್ಷಿತ ಪ್ರದೇಶದ ಒಳಭಾಗದಿಂದ 'ಸ್ವಯಂಪ್ರೇರಿತ'ವಾಗಿ ಹೊರಬರುವ ಕುಟುಂಬಕ್ಕೆ 2008ರಿಂದ 10 ಲಕ್ಷ ರೂಪಾಯಿ ಪ್ಯಾಕೇಜ್ ಇತ್ತು, 2021ರಲ್ಲಿ ಅದು 15 ಲಕ್ಷ ಆಯಿತು. 2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ದೇಶದ ಹುಲಿ ಮೀಸಲುಗಳ ಒಳಭಾಗದಲ್ಲಿ ಇನ್ನೂ 591 ಹಳ್ಳಿಗಳ 64,801 ಕುಟುಂಬಗಳಿವೆ, ಸ್ಥಳಾಂತರ ಚುರುಕು ಮಾಡಿ ಅಂತ ಹೇಳಿತು. ರಸ್ತೆ ಇಲ್ಲ, ಕರೆಂಟಿಲ್ಲ, ಶಾಲೆ ಮುಚ್ಚಿದೆ, ಹುಷಾರು ತಪ್ಪಿದರೆ ಕಂಬಳಿಯಲ್ಲಿ ಹೊತ್ತುಕೊಂಡು ಬರಬೇಕು. ಇಂಥ ಊರಲ್ಲಿ ಹತ್ತು ವರ್ಷ ಇಟ್ಟು ಆಮೇಲೆ 'ಹೋಗ್ತೀರಾ?' ಅಂತ ಕೇಳಿದರೆ ಯಾರು ಒಲ್ಲೆ ಅಂತಾರೆ? ಆ ಒಪ್ಪಿಗೆಗೆ ಸ್ವಯಂಪ್ರೇರಿತ ಅನ್ನೋ ಹೆಸರು ನನಗಂತೂ ಒಪ್ಪಿಗೆ ಆಗಲ್ಲ. ನಿಜಕ್ಕೂ ಹೊರಗೆ ಬರಬೇಕು ಅನ್ನುವ ಕುಟುಂಬಗಳೂ ಇವೆ, ಅವರಿಗೆ ಪೂರ್ತಿ ಹಣ, ಪೂರ್ತಿ ಜಮೀನು ಸಿಗಲೇಬೇಕು. ಎರಡೂ ಮಾತು ಒಟ್ಟಿಗೇ ನಿಜ.

ಇದೇ ಕಣಿವೆಯಲ್ಲಿ ಅಣೆಕಟ್ಟುಗಳಿಗೆ ಮಾತ್ರ ಜಾಗದ ಕೊರತೆ ಆಗಲಿಲ್ಲ. ಸೂಪಾ ಕಟ್ಟಿದಾಗ ಸೂಪಾ ಅನ್ನೋ ತಾಲ್ಲೂಕು ಕೇಂದ್ರವೇ ಮುಳುಗಿತು, ಜನರನ್ನು ರಾಮನಗರಕ್ಕೆ ಕಳಿಸಿದರು. ಆಮೇಲೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ. ಮೇಲೆ ಕೈಗಾ. ಸಾತೊಡ್ಡಿ ಜಲಪಾತದ ಕೆಳಗೆ ನಿಂತು ಸೆಲ್ಫಿ ತೆಗೆಯುವಾಗ ಎದುರಿಗೆ ಕಾಣುವ ನೀರು ಕೊಡಸಳ್ಳಿ ಹಿನ್ನೀರು.

ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಬಂದಿದೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ಜಾಗದಲ್ಲಿ ಇದ್ದದ್ದು ತೋರಿಸಿದರೆ ಸಾಕು. 'ಇತರ ಪಾರಂಪರಿಕ ಅರಣ್ಯವಾಸಿ'ಗಳಾದರೆ ಮೂರು ತಲೆಮಾರು, ಅಂದರೆ 75 ವರ್ಷದ ಸಾಕ್ಷ್ಯ ಬೇಕು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಕುಣಬಿಗಳು, ಗೌಳಿಗಳು ಇನ್ನೂ ಕೇಳ್ತಾನೇ ಇದ್ದಾರೆ. ಹಾಗಾಗಿ ಒಂದೇ ಕಾಡಿನ ಅಕ್ಕಪಕ್ಕದ ಮನೆಯವರಲ್ಲಿ ಒಬ್ಬರಿಗೆ ಇಪ್ಪತ್ತು ವರ್ಷದ ಲೆಕ್ಕ, ಇನ್ನೊಬ್ಬರಿಗೆ ಮುಪ್ಪಾನ ಅಜ್ಜನ ಕಾಲದ ಕಾಗದ. ನಮ್ಮಂಥ ಅಡಿಕೆ ತೋಟದ ಮನೆಗಳಿಗೆ ಬ್ರಿಟಿಷರ ಕಾಲದಿಂದ ಸೊಪ್ಪಿನ ಬೆಟ್ಟದ ಸವಲತ್ತು ಇದೆ ಅನ್ನೋದನ್ನೂ ಇಲ್ಲೇ ಹೇಳಬೇಕು. ಕಾಡಿಗೆ ಹೋಗಿ ಸೊಪ್ಪು ತಂದರೆ ನಮಗೆ ಅದು ದಾಖಲೆಯಲ್ಲಿರುವ ಸವಲತ್ತು. ಕಾಡಿನೊಳಗೇ ಹುಟ್ಟಿದವನಿಗೆ ಅದೇ ಕೆಲಸ ಕೇಸು.

ಈಗ ಸಫಾರಿ ಟಿಕೆಟನ್ನು ಮತ್ತೆ ಕೈಗೆ ತಗೊಳ್ಳಿ. ಹುಲಿ ಸಂರಕ್ಷಿತ ಪ್ರದೇಶದ ಒಳಭಾಗ ಅಂದರೆ ಮನುಷ್ಯರ ತಂಟೆ ಇಲ್ಲದ ಜಾಗ ಅಂತ ಕಾನೂನಿನ ಆಶಯ. 2012ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿ ಪ್ರವಾಸೋದ್ಯಮವನ್ನು ಕೆಲವು ತಿಂಗಳು ನಿಲ್ಲಿಸಿಯೂ ಇತ್ತು. ಆಮೇಲೆ ಬಂದ ಮಾರ್ಗಸೂಚಿ, ಒಳಭಾಗದ ಗರಿಷ್ಠ ಶೇಕಡ 20ರಷ್ಟು ಜಾಗದಲ್ಲಿ ಪ್ರವಾಸಿಗರನ್ನು ಬಿಡಬಹುದು ಅಂದಿತು. ಅಂದರೆ ಟಿಕೆಟ್ ಇದ್ದವರ ಜೀಪಿಗೆ ಜಾಗ ಉಂಟು. ಜೇನು ತೆಗೆಯಲು ಹೋದವನಿಗೆ ಅದೇ ದಾರಿ ಅತಿಕ್ರಮಣ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ಜನ ಸತ್ತ ಮೇಲೆ ಬಂಡೀಪುರ, ನಾಗರಹೊಳೆಯ ಸಫಾರಿಯನ್ನು ಸರಕಾರ ನಿಲ್ಲಿಸಿತಲ್ಲ, ಆಗ ರೈತರು ಕೇಳ್ತಾ ಇದ್ದದ್ದೂ ಇದೇ ಜಾತಿಯ ಪ್ರಶ್ನೆ: ಕಾಡಿನಲ್ಲಿ ಯಾರ ಓಡಾಟ ತೊಂದರೆ, ಯಾರದ್ದು ಆದಾಯ?

ಆಫ್ರಿಕಾದ ಚೀತಾಗಳೇ ವಿಮಾನ ಹತ್ತಿ ಬಂದ ಕತೆಯೂ ಗೊತ್ತಿರಬೇಕಲ್ಲ. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದ ಎಂಟು ಚೀತಾಗಳನ್ನು ಮಧ್ಯಪ್ರದೇಶದ ಕುನೊದಲ್ಲಿ ಬಿಟ್ಟರು, ಮರುವರ್ಷ ದಕ್ಷಿಣ ಆಫ್ರಿಕಾದಿಂದ ಹನ್ನೆರಡು. ಆ ಕುನೊ ಖಾಲಿ ಆದದ್ದು ಹೇಗೆ? ಗುಜರಾತಿನ ಸಿಂಹಗಳನ್ನು ತರ್ತೀವಿ ಅಂತ ಹೇಳಿ 24 ಹಳ್ಳಿಗಳನ್ನು, ಹೆಚ್ಚಾಗಿ ಸಹರಿಯಾ ಆದಿವಾಸಿಗಳನ್ನು, ಹೊರಗೆ ಕಳಿಸಿದ್ದರು. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದರೂ ಸಿಂಹ ಮಾತ್ರ ಬರಲೇ ಇಲ್ಲ.

ಕರ್ನಾಟಕದಲ್ಲಿ ಮಕುಲೆಕೆಗೆ ಹತ್ತಿರದ ಉದಾಹರಣೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರದ್ದು. ಹುಲಿ ಮೀಸಲು ಅಂತ ಘೋಷಣೆಯಾದ 2011ರಲ್ಲೇ ಅವರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಹುಲಿಯೂ ಇದೆ, ಸೋಲಿಗರೂ ಇದ್ದಾರೆ. ಜೋಯಿಡಾದಲ್ಲಿ ಇದು ಯಾಕಾಗಬಾರದು ಅಂತ ಕೇಳೋಕೆ ನಾವೇನೂ ಆಫ್ರಿಕಾಕ್ಕೆ ಹೋಗಬೇಕಿಲ್ಲ.

'ಮಿನಿ ಆಫ್ರಿಕಾ' ಅಂತ ಕರೆಯೋರಿಗೆ

ಇನ್ನೊಂದು ಬಗೆಯ ರೀಲ್ಸ್ ಇದೆ: 'ಭಾರತದಲ್ಲೇ ಇದೆ ಮಿನಿ ಆಫ್ರಿಕಾ, ಖರ್ಚಿಲ್ಲದೆ ಆಫ್ರಿಕಾ ನೋಡಿ'. ತೋರಿಸೋದು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಕೇರಿಗಳನ್ನ. ಕೇಳದೆ ಅಂಗಳಕ್ಕೆ ನುಗ್ಗಿ ಮಕ್ಕಳ ತಲೆಗೂದಲು ಮುಟ್ಟಿ ವಿಡಿಯೊ ಮಾಡ್ತಾರೆ, 'ಕನ್ನಡ ಮಾತಾಡ್ತಾರೆ ನೋಡಿ' ಅಂತ ಬಾಯಿ ಬಿಡ್ತಾರೆ. ಕನ್ನಡ, ಕೊಂಕಣಿ ಅವರ ಮನೆಮಾತು, ಮತ್ತೇನು ಮಾತಾಡ್ಬೇಕು?

ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟ ಹತ್ತಿದವರ ಸಂತತಿ ಇಲ್ಲಿನ ಸಿದ್ದಿಗಳು. ಅವರ ಪೂರ್ವಿಕರಿಗೆ ಈ ಕಾಡು ನೋಡುವ ಜಾಗ ಆಗಿರಲಿಲ್ಲ, ಅಡಗಿ ಬದುಕುವ ಜಾಗ ಆಗಿತ್ತು. 'ಸಫಾರಿ' ಅನ್ನೋದು ಸ್ವಾಹಿಲಿ ಪದ, ಅರಬಿಯ 'ಸಫರ್' ಅದರ ಮೂಲ. ನಮ್ಮ ಹುಬ್ಬಳ್ಳಿ ಕಡೆ ಉರ್ದು ಆಡುವವರು 'ಸಫರ್' ಅಂತ ಹೇಳೋದೂ ಅದೇ. ಪ್ರಯಾಣ ಅಂತ ಅರ್ಥ. ಸಿದ್ದಿಗಳ ಆ ಮೊದಲ ಪ್ರಯಾಣಕ್ಕೆ ಯಾರೂ ಟಿಕೆಟ್ ಕೇಳಿರಲಿಲ್ಲ, ಅವರನ್ನೇ ಮಾರಿದ್ದರು.

ನಮ್ಮ ತೋಟದ ಕೆಲಸಕ್ಕೆ ಮೊದಲಿನಿಂದ ಬರುವ ಒಬ್ಬ ಸಿದ್ದಿ ಅಜ್ಜಿಗೆ ನಾನು ಹೀಗೆ ಆಫ್ರಿಕಾ ಪ್ರವಾಸದ ಬಗ್ಗೆ ಬರೀತಾ ಇದೀನಿ ಅಂದೆ. ಕವಳ ಬಾಯಿಗಿಟ್ಟುಕೊಂಡು ನಕ್ಕಳು. "ನೀ ಹೋಗಿ ಬಾ ತಮಾ. ನಾವು ಬಂದವ್ರು ಬಂದೇ ಬಿಟ್ವಿ. ನಮ್ಗೆ ಅದಲ್ಲ ಬೇಕಾದ್ದು, ಈ ಗದ್ದೆದು ಒಂದು ಪಟ್ಟೆ ಮಾಡ್ಸಿ ಕೊಡೋರು ಯಾರಾರೂ ಇದ್ರೆ ಹೇಳು."

ದಾಂಡೇಲಿ ಸುತ್ತಲಿನ ರೆಸಾರ್ಟುಗಳಲ್ಲಿ ರಾತ್ರಿ ಬೆಂಕಿ ಹಾಕಿ ಸಿದ್ದಿ ಕುಣಿತ ಮಾಡಿಸ್ತಾರೆ. ಕಲಾವಿದರಿಗೆ ದುಡಿಮೆ ಆಗುತ್ತಲ್ಲ ಅನ್ನುವ ವಾದ ಇದೆ. ಕೂಲಿ ಸರಿಯಾಗಿ ಕೊಟ್ಟರೆ ನನ್ನ ತಕರಾರಿಲ್ಲ. ಆದರೆ ಸೊಪ್ಪು ಸುತ್ತಿಸಿ, ಮುಖಕ್ಕೆ ಬಣ್ಣ ಬಳಿಸಿ 'ಆಫ್ರಿಕನ್ ಟ್ರೈಬಲ್ ಶೋ' ಅಂತ ಮಾಡೋದು ಯಾರ ಕಲೆ? ಅವರ ದಮಾಮಿ ಕುಣಿತಕ್ಕೆ ಅದರದ್ದೇ ಹಾಡು, ಅದರದ್ದೇ ಹೊತ್ತು ಇದೆ. 2012ರಲ್ಲಿ ಅಂಡಮಾನಿನ ಜಾರವಾ ಜನರನ್ನು ರಸ್ತೆ ಬದಿ ಕುಣಿಸಿದ ವಿಡಿಯೊ ಹೊರಬಂದಾಗ ಇಡೀ ದೇಶ 'ಮಾನವ ಸಫಾರಿ' ಅಂತ ಬೈದಿತ್ತು. ಯಲ್ಲಾಪುರದ ಅಂಗಳದಲ್ಲಿ ಮೊಬೈಲ್ ಎತ್ತುವಾಗ ಆ ಶಬ್ದ ನೆನಪಿರಲಿ.

ಸಿದ್ದಿಗಳ ಮನೆಗೆ ಅತಿಥಿಯಾಗಿಯೇ ಹೋಗುವ ದಾರಿಯೂ ಇದೆ. ಯಲ್ಲಾಪುರ ತಾಲ್ಲೂಕಿನಲ್ಲಿ ಸಿದ್ದಿ ಮಹಿಳೆಯರೇ 'ದಮಾಮಿ' ಹೆಸರಿನಲ್ಲಿ ಸಮುದಾಯ ಪ್ರವಾಸೋದ್ಯಮ ಶುರು ಮಾಡಿದ್ದಾರೆ. ದರ ಅವರದ್ದು, ಊಟ ಅವರದ್ದು, ಏನು ತೋರಿಸಬೇಕು ಏನು ಬೇಡ ಅನ್ನೋ ತೀರ್ಮಾನವೂ ಅವರದ್ದು. ಹಳೆ ಸೀರೆ, ಬಟ್ಟೆ ತುಂಡುಗಳನ್ನು ಹೊಲಿದು ಮಾಡುವ ಕವಂಡಿ ಕೌದಿ ಖರೀದಿ ಮಾಡುವವರು ಚೌಕಾಸಿ ಮಾಡಬೇಡಿ, ಒಂದು ಕೌದಿಗೆ ತಿಂಗಳುಗಟ್ಟಲೆ ಕೈಹೊಲಿಗೆ ಇರುತ್ತೆ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣವಾದಾಗ ಸದನಕ್ಕೆ ಹೋದ ಮೊದಲ ಸಿದ್ದಿ ಅಂತ ಸುದ್ದಿಯಾಯಿತು. ಅವರ ಪಕ್ಷದ ರಾಜಕೀಯ ನಿಮಗೆ ಒಪ್ಪಿಗೆಯೋ ಅಲ್ಲವೋ, ಅಷ್ಟು ತಡ ಯಾಕಾಯಿತು ಅನ್ನೋದು ಎಲ್ಲ ಪಕ್ಷಗಳೂ ಉತ್ತರಿಸಬೇಕಾದ ಮಾತು.

ಹೋಗುವ ಮೊದಲು, ಹೋಗಿ ಬಂದ ಮೇಲೆ

ಮಳೆಗಾಲದಲ್ಲಿ ದಾರಿ ಕೆಡ್ತದೆ, ಸಫಾರಿ ಇದೆಯೋ ಇಲ್ವೋ ಅಂತ ಫೋನ್ ಮಾಡಿ ಕೇಳಿಯೇ ಹೊರಡಿ. ನವೆಂಬರ್‌ನಿಂದ ಫೆಬ್ರುವರಿ ಹಕ್ಕಿಗೆ ಒಳ್ಳೇದು. ನೀರು ಬತ್ತುವ ಮಾರ್ಚ್-ಏಪ್ರಿಲ್‌ನಲ್ಲಿ ಪ್ರಾಣಿ ಕಾಣುವ ಸಂಭವ ಹೆಚ್ಚು, ಸೆಕೆಯೂ ಹೆಚ್ಚು. ದಾಂಡೇಲಿಯಲ್ಲಿ ಕಾಳಿ ನದಿಗೆ ಮೊಸಳೆ ಇದೆ, ಜೀವ ಹೋದ ಘಟನೆಗಳೂ ಆಗಿವೆ. ಈಜಲು ಇಳೀಬೇಡಿ. ವಾರದ ಕೊನೆ ಬಿಟ್ಟು ವಾರದ ಮಧ್ಯೆ ಹೋದರೆ ಉಳಿಯುವ ಜಾಗದ ದರವೂ ಇಳಿದಿರುತ್ತೆ.

ಹುಬ್ಬಳ್ಳಿ-ಅಂಕೋಲಾ ರೈಲು ಬಂದರೆ ಇದೆಲ್ಲ ಇನ್ನೂ ಅಗ್ಗ ಆಗುತ್ತೆ ಅನ್ನೋರೂ ಇದ್ದಾರೆ. ಎರಡು ದಶಕ ದಾಟಿದ ಈ ಯೋಜನೆ ಹಾದು ಹೋಗೋದು ಯಲ್ಲಾಪುರದ ಕಾಡಿನ ಮೂಲಕವೇ. ನೈರೋಬಿಯಲ್ಲೂ ಇದೇ ಜಗಳ ನಡೆದಿತ್ತು. 117 ಚದರ ಕಿಲೋಮೀಟರ್‌ನ ನೈರೋಬಿ ರಾಷ್ಟ್ರೀಯ ಉದ್ಯಾನದ ಮೇಲೆ ಸೇತುವೆ ಕಟ್ಟಿ ರೈಲು ಬಿಟ್ಟರು, 2019ರಲ್ಲಿ ಅದು ಓಡಲು ಶುರುವಾಯಿತು. ಈಗ ಅಲ್ಲಿ ಜಿರಾಫೆಯ ಫೋಟೊ ತೆಗೆದರೆ ಹಿಂದೆ ಕಾಂಕ್ರೀಟ್ ಕಂಬ ಬೀಳುತ್ತೆ. ನಮ್ಮಲ್ಲಿ ರೈಲು ಬೇಕು ಅನ್ನೋ ಕರಾವಳಿ, ಬಯಲುಸೀಮೆಯ ಜನರ ಮಾತಿನಲ್ಲೂ ಹುರುಳಿದೆ, ಅರಬೈಲು ಘಟ್ಟದಲ್ಲಿ ಲಾರಿಗಳ ಸಾಲಿನ ಹಿಂದೆ ಒಮ್ಮೆ ಸಿಕ್ಕಿಹಾಕಿಕೊಂಡವರಿಗೆ ಅದು ಅರ್ಥವಾಗುತ್ತೆ. ಅದು ಬೇರೆಯೇ ಲೇಖನ ಆಗುವಷ್ಟು ದೊಡ್ಡ ವಿಷಯ.

ಸಫಾರಿ ಮುಗಿಸಿ ಬಂದ ಮೇಲೆ ಟಿಕೆಟ್ ಬಿಸಾಡಬೇಡಿ. ವನ್ಯಜೀವಿ ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿಯ ಪ್ರಕಾರ ಪ್ರತಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು, ಸ್ಥಳೀಯ ಜನರ ಪಾಲ್ಗೊಳ್ಳುವಿಕೆಯಲ್ಲಿ ಪರಿಸರ ಮತ್ತು ಜೀವನೋಪಾಯದ ಕೆಲಸ ಮಾಡೋದು ಅದರ ಉದ್ದೇಶಗಳಲ್ಲಿ ಒಂದು. ಕಳೆದ ವರ್ಷ ಪ್ರವಾಸಿಗರಿಂದ ಬಂದ ಹಣ ಎಷ್ಟು, ಅದರಲ್ಲಿ ಯಾವ ಹಳ್ಳಿಗೆ ಯಾವ ಕೆಲಸಕ್ಕೆ ಎಷ್ಟು ಹೋಯಿತು, ದಿನಗೂಲಿ ವಾಚರ್‌ಗಳಿಗೆ ಸಂಬಳ ಯಾವ ತಾರೀಕಿಗೆ ಆಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಹಣದ ಲೆಕ್ಕಕ್ಕೆ ಒಂದು ಅರ್ಜಿ, ವಾಚರ್‌ಗಳ ಸಂಬಳಕ್ಕೆ ಇನ್ನೊಂದು. ಶುಲ್ಕ ತಲಾ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೂ ನಡೆಯುತ್ತೆ. ಉತ್ತರಕ್ಕೆ ಅವರಿಗಿರೋದು 30 ದಿನ.